ಅಳದ ಮಗು ಜಾಣ ಮಗುವೇ?

ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗಿ ಬಂದವರು ಆಮೇಲೆ ಮನೆಯಲ್ಲಿ ಕೂತು ಹೇಳುವ ಮಾತೊಂದಿದೆ. 'ಪಾಪ, ಬಹಳ ಜಾಣ ಮಗು. ಅಷ್ಟು ಸೂಜಿ ಚುಚ್ಚಿದರೂ ಒಂದು ಹನಿ ಕಣ್ಣೀರು ಹಾಕಲಿಲ್ಲ.' ಅಳುವ ಮಗು ಹಟಮಾರಿ, ಅಳದ ಮಗು ಜಾಣ ಎಂಬುದು ಬಹಳ ಹಳೆಯ ಲೆಕ್ಕ. ನೆಂಟರಿಗೆ ಇದು ಮೆಚ್ಚುಗೆಯ ಮಾತು, ತಂದೆತಾಯಿಗೆ ಸಮಾಧಾನ, ಇಪ್ಪತ್ತು ಹಾಸಿಗೆಗಳನ್ನು ಒಬ್ಬಳೇ ನೋಡಿಕೊಳ್ಳುವ ದಾದಿಗೆ ಅನುಕೂಲ. ಮಗುವಿಗೆ ಏನು ಎಂದು ಕೇಳುವವರು ಮಾತ್ರ ಕಡಿಮೆ.

ಎರಡು ದಿನದ ಜ್ವರಕ್ಕೆ ಸೇರಿ ಮೂರನೆಯ ದಿನ ಮನೆಗೆ ಬರುವ ಮಗುವಿನ ಮಟ್ಟಿಗೆ ಇದನ್ನು ಅಷ್ಟಾಗಿ ಚಿಂತಿಸಬೇಕಿಲ್ಲ. ಆದರೆ ಥಲಸ್ಸೇಮಿಯಾ, ರಕ್ತದ ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ, ಬಾಲ್ಯದಲ್ಲೇ ಬರುವ ಸಕ್ಕರೆ ಕಾಯಿಲೆ ಇವೆಲ್ಲ ವರ್ಷಗಟ್ಟಲೆ ನಡೆಯುವ ವ್ಯವಹಾರ. ಇಂಥ ಮಕ್ಕಳಿಗೆ ಆಸ್ಪತ್ರೆ ಎರಡನೆಯ ಮನೆ. ಅಲ್ಲಿ ಮಗು ಯಾವಾಗ ಅಳುವುದನ್ನು ನಿಲ್ಲಿಸಿತು, ಏಕೆ ನಿಲ್ಲಿಸಿತು ಎಂಬುದು ನಾಡಿ, ಜ್ವರ, ರಕ್ತದೊತ್ತಡಗಳಷ್ಟೇ ಮುಖ್ಯವಾದ ಸಂಗತಿ. ಕೇಸ್ ಷೀಟಿನಲ್ಲಿ ಅದಕ್ಕೊಂದು ಕಾಲಂ ಇಲ್ಲ, ಅಷ್ಟೇ. ಈ ಮೌನವನ್ನು ದೊಡ್ಡವರು, ಅದರಲ್ಲೂ ಕಲಿತ ದೊಡ್ಡವರು, ಒಂದಲ್ಲ ಹಲವು ಸಲ ತಪ್ಪಾಗಿ ಓದಿದ್ದಾರೆ. ಆ ಕಥೆಯ ದೊಡ್ಡ ಭಾಗ ನಡೆದದ್ದು ಇಂಗ್ಲೆಂಡಿನಲ್ಲಿ.

1949ರಲ್ಲಿ ಲಂಡನ್ನಿನ ಹೆಸರಾಂತ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡಲು ತಂದೆತಾಯಿಗೆ ಎಷ್ಟು ಹೊತ್ತು ಬಿಡುತ್ತಾರೆ ಎಂದು ವಿಚಾರಿಸಿ ಒಂದು ಪಟ್ಟಿ ಮಾಡಲಾಯಿತು. ಗೈಸ್ ಆಸ್ಪತ್ರೆಯಲ್ಲಿ ಭಾನುವಾರ ಮಧ್ಯಾಹ್ನ 2ರಿಂದ 4 ಗಂಟೆ. ಸೇಂಟ್ ಬಾರ್ಥಲೋಮ್ಯೂಸ್‌ನಲ್ಲಿ ಬುಧವಾರ ಒಂದೂವರೆ ಗಂಟೆ. ಚೇರಿಂಗ್ ಕ್ರಾಸ್‌ನಲ್ಲಿ ಭಾನುವಾರ ಒಂದೇ ಒಂದು ಗಂಟೆ. ಸೇಂಟ್ ಥಾಮಸ್‌ನಲ್ಲಿ ಮೊದಲ ತಿಂಗಳು ಭೇಟಿಯೇ ಇಲ್ಲ. ಸಂಜೆ 7ರಿಂದ 8ರೊಳಗೆ, ಮಗು ನಿದ್ದೆ ಹೋಗಿರುವಾಗ ಬೇಕಾದರೆ ನೋಡಿ ಹೋಗಬಹುದು. ಲಂಡನ್ ಆಸ್ಪತ್ರೆಯಲ್ಲಿ 3 ವರ್ಷದೊಳಗಿನ ಮಕ್ಕಳ ತಂದೆತಾಯಿಗೆ ಒಳಗೆ ಪ್ರವೇಶವಿರಲಿಲ್ಲ. ಅಡ್ಡಗೋಡೆಯ ಆಚೆಯಿಂದ ನೋಡಬೇಕು. ಜೈಲಿನ ನಿಯಮಗಳು ಇದಕ್ಕಿಂತ ಉದಾರವಾಗಿದ್ದವೋ ಏನೋ!

ಇದನ್ನು ಮಾಡಿದವರು ಕಟುಕರಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅವರ ಭಯಕ್ಕೆ ಕಾರಣವಿತ್ತು. ಪೆನಿಸಿಲಿನ್ ಬರುವ ಮುಂಚಿನ ದಿನಗಳಲ್ಲಿ ಗಂಟಲುಮಾರಿ, ದಡಾರ, ನಾಯಿಕೆಮ್ಮುಗಳು ಮಕ್ಕಳ ವಾರ್ಡಿನಲ್ಲಿ ಕಾಳ್ಗಿಚ್ಚಿನಂತೆ ಹರಡುತ್ತಿದ್ದವು. ಹೊರಗಿನವರು ಸೋಂಕು ತರುತ್ತಾರೆಂದು ಬಾಗಿಲು ಮುಚ್ಚಿದರು. ಔಷಧಿಗಳು ಬಂದ ಮೇಲೂ ಬಾಗಿಲು ತೆರೆಯದೇ ಹೋದದ್ದಕ್ಕೆ ಕಾರಣ ಬೇರೆ. 'ತಾಯಿ ಬಂದು ಹೋದರೆ ಮಗು ಅಳುತ್ತದೆ, ಬರದಿದ್ದರೆ ಎರಡು ಮೂರು ದಿನದಲ್ಲಿ ಸುಮ್ಮನಾಗಿ ಒಗ್ಗಿಕೊಳ್ಳುತ್ತದೆ' ಎಂದು ದಾದಿಯರು ಹೇಳುತ್ತಿದ್ದರು. ಕಣ್ಣಿಗೆ ಕಂಡದ್ದನ್ನೇ ಅವರು ಹೇಳುತ್ತಿದ್ದುದು. ತಾಯಿ ಬಂದಾಗ ಅಳು, ಬರದಿದ್ದಾಗ ಮೌನ. ಹಾಗಾದರೆ ಅಳುವಿಗೆ ತಾಯಿಯೇ ಕಾರಣ! ಎರಡು ಘಟನೆಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ ಎಂದು ವಿಜ್ಞಾನದ ವಿದ್ಯಾರ್ಥಿಗಳಿಗೆ ಮೇಷ್ಟರು ಮತ್ತೆ ಮತ್ತೆ ಹೇಳುವುದು ಇಂಥ ಎಡವಟ್ಟುಗಳಿಂದಾಗಿಯೇ.

ಬೇರೆ ದಾರಿ ಹಿಡಿದವರೂ ಇದ್ದರು. ನ್ಯೂಕ್ಯಾಸಲ್‌ನ ಶಿಶು ಆಸ್ಪತ್ರೆಯಲ್ಲಿ ಡಾ. ಜೇಮ್ಸ್ ಸ್ಪೆನ್ಸ್ 1920ರ ದಶಕದಲ್ಲೇ ತಾಯಂದಿರನ್ನು ಮಕ್ಕಳ ಜೊತೆ ಉಳಿಸಿಕೊಳ್ಳುತ್ತಿದ್ದರು. ನ್ಯೂಜಿಲೆಂಡಿನಲ್ಲಿ ಸೀಳುತುಟಿಯ ಹಸುಗೂಸುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಪಿಕರಿಲ್ ದಂಪತಿಗಳು 1940ರ ದಶಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಆಸ್ಪತ್ರೆಯಲ್ಲಿ ಪ್ರತಿ ಮಗುವಿನ ಶುಶ್ರೂಷೆಯನ್ನೂ ಅದರ ತಾಯಿಯೇ ಮಾಡುತ್ತಿದ್ದಳು. ಒಂದು ಮಗುವಿನಿಂದ ಇನ್ನೊಂದು ಮಗುವಿಗೆ ಸೋಂಕು ಒಯ್ಯುವ ಕೈ ದಾದಿಯದೇ ಹೊರತು ತಾಯಿಯದಲ್ಲ ಎಂಬುದು ಅವರ ವಾದ. ಸೋಂಕು ತಗ್ಗಿತು, ವರದಿಯೂ ಪ್ರಕಟವಾಯಿತು. ಆದರೂ ದೊಡ್ಡ ಆಸ್ಪತ್ರೆಗಳ ಗಂಟೆ ಬದಲಾಗಲಿಲ್ಲ.

ದೀರ್ಘಕಾಲದ ಕಾಯಿಲೆಯ ಮಕ್ಕಳ ಪಾಡನ್ನಂತೂ ಕೇಳುವುದೇ ಬೇಡ. ವೇಲ್ಸಿನ ಕ್ರೇಗ್-ಎ-ನೋಸ್ ಎಂಬಲ್ಲಿ ಪ್ರಸಿದ್ಧ ಗಾಯಕಿ ಅಡೆಲಿನಾ ಪಾಟಿಯ ಬಂಗಲೆಯೊಂದಿತ್ತು. 1922ರಿಂದ 1959ರವರೆಗೆ ಅದು ಕ್ಷಯರೋಗಿಗಳ ಆಸ್ಪತ್ರೆ. ಅಲ್ಲಿದ್ದವರಲ್ಲಿ ಬಹುಪಾಲು ಮಕ್ಕಳು. ಶುದ್ಧ ಗಾಳಿಯೇ ಚಿಕಿತ್ಸೆ ಎಂದು ಅವರ ಮಂಚಗಳನ್ನು ತೆರೆದ ವರಾಂಡದಲ್ಲಿ ಹಾಕುತ್ತಿದ್ದರು. ಹಿಮ ಬಿದ್ದರೆ ಹೊದಿಕೆಯ ಮೇಲೆಯೇ. ಮಂಚ ಬಿಟ್ಟು ಏಳುವ ಮಕ್ಕಳನ್ನು ಪಟ್ಟಿ ಬಿಗಿದು ಕಟ್ಟುತ್ತಿದ್ದುದೂ ಉಂಟು. ತಂದೆತಾಯಿಯ ಭೇಟಿ ತಿಂಗಳಿಗೊಮ್ಮೆ. ಕೆಲವರು ವರ್ಷಗಟ್ಟಲೆ ಅಲ್ಲಿದ್ದರು. ಎರಡು ವರ್ಷದಲ್ಲಿ ಹೋದ ಮಗು ಐದಾರು ವರ್ಷಕ್ಕೆ ಮನೆಗೆ ಬಂದರೆ ಅದಕ್ಕೆ ತಾಯಿ ಯಾರು, ಪರಕೀಯರು ಯಾರು? ಅಲ್ಲಿ ಬಾಲ್ಯದಲ್ಲಿ ರೋಗಿಯಾಗಿದ್ದ ಆ್ಯನ್ ಶಾ ಎಂಬುವರು ಮುಪ್ಪಿನಲ್ಲಿ, 2006ರ ಸುಮಾರಿಗೆ, ಹಳೆಯ ಜೊತೆಗಾರರನ್ನು ಹುಡುಕಿ ಅವರ ನೆನಪುಗಳನ್ನು ಕಲೆಹಾಕಲು ಹೊರಟರು. ಅರ್ಧ ಶತಮಾನ ಬಾಯಿ ಬಿಡದವರು ಮಾತಾಡಿದರು. ಅಷ್ಟು ವರ್ಷ ಅವರು ಸುಮ್ಮನಿದ್ದರು, ಮರೆತಿರಲಿಲ್ಲ.

ಈ ಮೌನಕ್ಕೆ ಮೊದಲು ಕಿವಿಗೊಟ್ಟವರಲ್ಲಿ ವೈದ್ಯನಲ್ಲದ ಒಬ್ಬರಿದ್ದರು. ಜೇಮ್ಸ್ ರಾಬರ್ಟ್‌ಸನ್, ಗ್ಲಾಸ್ಗೋ ಬಳಿಯ ಕಾರ್ಮಿಕ ಕುಟುಂಬದವರು. ಯುದ್ಧದ ಕಾಲದಲ್ಲಿ ಅನ್ನಾ ಫ್ರಾಯ್ಡ್ ನಡೆಸುತ್ತಿದ್ದ ಶಿಶುಕೇಂದ್ರದಲ್ಲಿ ಬಾಯ್ಲರ್ ನೋಡಿಕೊಳ್ಳುವ, ಚಿಲ್ಲರೆ ರಿಪೇರಿ ಮಾಡುವ ಕೆಲಸದಲ್ಲಿದ್ದರು. ಅಲ್ಲಿ ಕೆಲಸಗಾರರೆಲ್ಲರೂ ಮಕ್ಕಳ ನಡೆವಳಿಕೆಯನ್ನು ಚೀಟಿಯಲ್ಲಿ ಬರೆದಿಡಬೇಕೆಂಬ ಪದ್ಧತಿ. ಬಾಯ್ಲರ್ ಕೆಲಸದವರಿಗೂ ಅದೇ ನಿಯಮ. ನೋಡುವ ಅಭ್ಯಾಸ ಬೆಳೆದದ್ದು ಅಲ್ಲಿಯೇ. 1948ರಲ್ಲಿ ಅವರು ಮನೋವೈದ್ಯ ಜಾನ್ ಬೌಲ್ಬಿಯವರ ಸಹಾಯಕರಾಗಿ ಲಂಡನ್ನಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿಗೆ ಹೋದರು. ಅಲ್ಲಿನವರು ಹೇಳಿದ್ದು 'ಮಕ್ಕಳು ಇಲ್ಲಿ ಸುಖವಾಗಿದ್ದಾರೆ'. ರಾಬರ್ಟ್‌ಸನ್ ಕೂತು ನೋಡಿದರು, ದಿನಗಟ್ಟಲೆ ನೋಡಿದರು.

ಅವರಿಗೆ ಕಂಡದ್ದು ಮೂರು ಹಂತಗಳು. ಮೊದಲು ಪ್ರತಿಭಟನೆ: ಮಗು ಅತ್ತು ಕರೆದು ರಂಪ ಮಾಡುತ್ತದೆ, ಬಾಗಿಲ ಕಡೆ ನೋಡುತ್ತದೆ, ಅಮ್ಮ ಬರುತ್ತಾಳೆಂಬ ನಂಬಿಕೆ ಇನ್ನೂ ಇದೆ. ಆಮೇಲೆ ಹತಾಶೆ: ಸದ್ದು ಕಡಿಮೆ, ಊಟ ಕಡಿಮೆ, ಬೆರಳು ಬಾಯಿಯಲ್ಲಿ, ನೋಟ ಎಲ್ಲೋ. ವಾರ್ಡಿನವರು 'ಒಗ್ಗಿಕೊಳ್ಳುತ್ತಿದೆ' ಎನ್ನುವುದು ಈ ಹಂತದಲ್ಲಿ. ಮೂರನೆಯದು ನಿರ್ಲಿಪ್ತತೆ. ಈಗ ಮಗು ನಗುತ್ತದೆ, ಬಂದವರೆಲ್ಲರ ಹತ್ತಿರ ಹೋಗುತ್ತದೆ, ಕೊಟ್ಟದ್ದನ್ನು ತಿನ್ನುತ್ತದೆ. ತಾಯಿ ಬಂದರೆ ಮಾತ್ರ ಅವಳ ಕೈಯಲ್ಲಿರುವ ಪೊಟ್ಟಣದ ಮೇಲೆ ಕಣ್ಣು, ಮುಖದ ಮೇಲಲ್ಲ. ಹೊರಗಿನಿಂದ ನೋಡಿದರೆ ಇದೇ ಅತ್ಯಂತ 'ಜಾಣ' ಹಂತ. ರಾಬರ್ಟ್‌ಸನ್ ಪ್ರಕಾರ ಇದೇ ಅತ್ಯಂತ ಚಿಂತಾಜನಕವಾದದ್ದು.

ಯಾರೂ ನಂಬಲಿಲ್ಲ. ಬಾಯಿಮಾತಿನಿಂದ ಉಪಯೋಗವಿಲ್ಲವೆಂದು ಅವರು ಒಂದು ಕ್ಯಾಮೆರಾ ಕೊಂಡರು. ಆಗ ಬೌಲ್ಬಿ ಹಾಕಿದ ಷರತ್ತುಗಳು ಪಾಠ ಹೇಳುವಂತಿವೆ. ಮಗುವನ್ನು ಮೊದಲೇ ನೋಡಿ ಆರಿಸಬಾರದು, ದಾಖಲಾಗಲಿರುವವರ ಪಟ್ಟಿಯಿಂದ ಕಣ್ಣುಮುಚ್ಚಿ ಎತ್ತಬೇಕು. ಅನುಕೂಲವಾದ ಹೊತ್ತು ನೋಡಿ ಚಿತ್ರ ತೆಗೆಯಬಾರದು, ದಿನವೂ ನಿಗದಿಯಾದ ಹೊತ್ತಿನಲ್ಲೇ ತೆಗೆಯಬೇಕು, ವಾರ್ಡಿನ ಗಡಿಯಾರ ಚಿತ್ರದಲ್ಲಿ ಕಾಣಬೇಕು. ಹೀಗೆ ಸಿಕ್ಕವಳು ಲಾರಾ. ವಯಸ್ಸು 2 ವರ್ಷ 5 ತಿಂಗಳು. ಹೊಕ್ಕುಳಿನ ಹರ್ನಿಯಾದ ಸಣ್ಣ ಶಸ್ತ್ರಚಿಕಿತ್ಸೆಗೆ 8 ದಿನ ಆಸ್ಪತ್ರೆಯಲ್ಲಿದ್ದವಳು.

ವಿಚಿತ್ರವೆಂದರೆ ಲಾರಾ ಅಳುಬುರುಕಿಯಲ್ಲ. ಆ ವಯಸ್ಸಿಗೆ ಅಪರೂಪವೆನ್ನುವಷ್ಟು ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವ ಹುಡುಗಿ. ಚಿತ್ರದಲ್ಲಿ ಅವಳು ಬೊಂಬೆಯನ್ನೂ ಮನೆಯಿಂದ ತಂದ ಹೊದಿಕೆಯ ತುಂಡನ್ನೂ ಅಪ್ಪಿಕೊಂಡು ಮಲಗಿರುತ್ತಾಳೆ. ಮುಖ ಬಿಗಿಯಾಗಿರುತ್ತದೆ. ನಡುನಡುವೆ, ಯಾರೋ ಆಟವಾಡಿಸುವಾಗ, ಮಾತಿನ ಮಧ್ಯೆ, ಮೆಲ್ಲಗೆ, ಬಹುತೇಕ ಭಾವನೆಯೇ ಇಲ್ಲದ ದನಿಯಲ್ಲಿ ಅಮ್ಮ ಎಲ್ಲಿ ಎಂದು ಕೇಳುತ್ತಾಳೆ. ತಾಯಿ ನೋಡಲು ಬಂದಾಗ ಮುಖ ತಿರುಗಿಸುತ್ತಾಳೆ. ಮನೆಗೆ ಹೊರಡುವ ದಿನ ತನ್ನ ಸಾಮಾನುಗಳನ್ನೆಲ್ಲ ತಾನೇ ಎತ್ತಿಕೊಳ್ಳುತ್ತಾಳೆ. ತಾಯಿ ಕೈ ನೀಡಿದರೆ ಹಿಡಿಯುವುದಿಲ್ಲ. ತಿಂಗಳುಗಳು ಕಳೆದ ಮೇಲೆ ಆ ಚಿತ್ರ ಆಕಸ್ಮಿಕವಾಗಿ ಅವಳ ಕಣ್ಣಿಗೆ ಬಿತ್ತಂತೆ. ಆಗ ಅವಳು ತಾಯಿಯ ಕಡೆ ತಿರುಗಿ ಕೇಳಿದ ಪ್ರಶ್ನೆ, ಅಷ್ಟು ಹೊತ್ತೂ ನೀನು ಎಲ್ಲಿದ್ದೆ ಎಂಬುದು.

1952ರಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ಚಿತ್ರ ತೋರಿಸಿದಾಗ ಗದ್ದಲವೇ ಆಯಿತು. ವೃತ್ತಿಗೆ ಅವಮಾನ ಎಂದರು. ಡರ್ಮಾಡ್ ಮೆಕಾರ್ಥಿ ಎಂಬ ಮಕ್ಕಳ ವೈದ್ಯರಿಗೂ ಮೊದಲು ಕೋಪವೇ ಬಂದಿತ್ತು. ಆದರೆ ತಮ್ಮ ವಾರ್ಡಿಗೆ ವಾಪಸು ಹೋಗಿ ನೋಡಿದಾಗ ಅಲ್ಲಿಯೂ ಲಾರಾಗಳು ಕಂಡರು. ಅಮರ್‌ಶಾಮ್ ಆಸ್ಪತ್ರೆಯಲ್ಲಿ ಅವರು ತಾಯಂದಿರಿಗೆ ಬಾಗಿಲು ತೆರೆದರು. ರಾಬರ್ಟ್‌ಸನ್ ತಮ್ಮ ಎರಡನೆಯ ಚಿತ್ರವನ್ನು 1958ರಲ್ಲಿ ತೆಗೆದದ್ದು ಅಲ್ಲಿಯೇ, ತಾಯಿಯ ಜೊತೆ ಆಸ್ಪತ್ರೆಯಲ್ಲಿದ್ದ ಮಗುವಿನ ಮೇಲೆ. ಮಾರನೆಯ ವರ್ಷ ಸರ್ ಹ್ಯಾರಿ ಪ್ಲಾಟ್ ಸಮಿತಿ ಸರ್ಕಾರಕ್ಕೆ ವರದಿ ಕೊಟ್ಟು, ಭೇಟಿಗೆ ನಿರ್ಬಂಧ ಬೇಡ, ಚಿಕ್ಕ ಮಕ್ಕಳ ಜೊತೆ ತಾಯಿ ಉಳಿಯಲಿ, ವಾರ್ಡಿನಲ್ಲಿ ಆಟಪಾಠಗಳಿರಲಿ ಎಂದಿತು. ವರದಿ ಬಂದ ಮೇಲೂ ಆಸ್ಪತ್ರೆಗಳು ಮೀನಮೇಷ ಎಣಿಸಿದಾಗ 1961ರಲ್ಲಿ ಬ್ಯಾಟರ್‌ಸಿಯ ಕೆಲವು ತಾಯಂದಿರೇ ಸಂಘ ಕಟ್ಟಿಕೊಂಡು ಬಾಗಿಲು ತಟ್ಟಬೇಕಾಯಿತು.

ಮಗುವಿನ ಮೌನವನ್ನು ತಪ್ಪಾಗಿ ಓದಿದ ಇನ್ನೊಂದು ಪ್ರಸಂಗ ಇನ್ನೂ ಇತ್ತೀಚಿನದು. 1980ರ ದಶಕದ ನಡುವಿನವರೆಗೂ ಹಲವು ಕಡೆ ನವಜಾತ ಶಿಶುಗಳಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ನೋವು ತಡೆಯುವ ಔಷಧಿಯನ್ನು ಸಾಕಷ್ಟು ಕೊಡುತ್ತಿರಲಿಲ್ಲ. ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧಿ ಕೊಟ್ಟಿರುವುದರಿಂದ ಕೂಸು ಅಲುಗಾಡುತ್ತಿರಲಿಲ್ಲ. ಅಲುಗಾಡದ ಕೂಸಿಗೆ ನೋವೆಲ್ಲಿಯದು? ಇಂದೋರಿನಲ್ಲಿ ವೈದ್ಯ ಪದವಿ ಪಡೆದು ಆಕ್ಸ್‌ಫರ್ಡಿಗೆ ಹೋಗಿದ್ದ ಕೆ.ಜೆ.ಎಸ್. ಆನಂದ್ ಆ ಕೂಸುಗಳ ರಕ್ತವನ್ನು ಪರೀಕ್ಷಿಸಿದರು. ಒತ್ತಡದ ಹಾರ್ಮೋನುಗಳು ವಿಪರೀತ ಏರಿದ್ದವು. ಬಲವಾದ ನೋವುನಿವಾರಕ ಕೊಟ್ಟ ಕೂಸುಗಳಲ್ಲಿ ಅದು ತಗ್ಗಿತು, ಚೇತರಿಕೆಯೂ ಉತ್ತಮವಾಯಿತು. 1987ರಲ್ಲಿ ಅದು ಪ್ರಕಟವಾದ ಮೇಲೆ ಪದ್ಧತಿ ಬದಲಾಯಿತು. ಅಳಲಾರದ ಮಗುವಿನ ಪರವಾಗಿ ಅದರ ರಕ್ತವೇ ಸಾಕ್ಷಿ ಹೇಳಬೇಕಾಯಿತು.

ಇಷ್ಟು ಓದಿದ ಮೇಲೆ ನಮ್ಮ ಕಡೆಯ ತಂದೆತಾಯಿಗೆ ಒಂದು ಮಾತು ಹೊಳೆದೀತು. 'ನಮ್ಮಲ್ಲಿ ತಾಯಿ ಮಗುವನ್ನು ಬಿಟ್ಟಿರುವುದೇ ಇಲ್ಲವಲ್ಲ!' ನಿಜ. ಬೆಂಗಳೂರಿನ ವಾಣಿವಿಲಾಸವಿರಲಿ, ಮೈಸೂರಿನ ಚೆಲುವಾಂಬವಿರಲಿ, ಯಾವುದೇ ಜಿಲ್ಲಾಸ್ಪತ್ರೆಯಿರಲಿ, ಮಕ್ಕಳ ವಾರ್ಡಿನಲ್ಲಿ ಮಂಚಕ್ಕೊಂದು ಮಗು, ಮಂಚದ ಮೇಲೋ ಕೆಳಗೋ ಒಬ್ಬ ತಾಯಿ, ಫ್ಲಾಸ್ಕು, ಬಿಸಿನೀರು, ಬನ್ನು, ಒಗೆದು ಕಿಟಕಿಗೆ ಹಾಕಿದ ಟವೆಲು ಇದ್ದೇ ಇರುತ್ತವೆ. ಪ್ಲಾಟ್ ಸಮಿತಿ ವರದಿ ಬರೆದು ಕೇಳಿದ್ದನ್ನು ನಮ್ಮ ಬಡತನವೂ ದಾದಿಯರ ಕೊರತೆಯೂ ತಾವಾಗಿಯೇ ಕೊಟ್ಟಿವೆ. ಇದು ಸಣ್ಣ ಸಂಪತ್ತಲ್ಲ. ದೆಹಲಿಯ ಸಫ್ದರ್‌ಜಂಗ್ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀರ ಕಡಿಮೆ ತೂಕದ ಶಿಶುಗಳನ್ನು ಹುಟ್ಟಿದ ಕೂಡಲೇ ತೀವ್ರ ನಿಗಾ ಘಟಕದಲ್ಲೇ ತಾಯಿಯ ಎದೆಗೆ ಹಾಕಿದಾಗ ಸಾವು ಸುಮಾರು ಕಾಲು ಭಾಗದಷ್ಟು ಕಡಿಮೆಯಾಯಿತು. ಹಿಂದೆ ಸೋಂಕಿನ ಹೆಸರಿನಲ್ಲಿ ಹೊರಗೆ ನಿಲ್ಲಿಸಿದ್ದ ತಾಯಿಯನ್ನು ವಿಜ್ಞಾನವೇ ಒಳಗೆ ಕರೆದಿದೆ.

ಆದರೆ ಪಕ್ಕದಲ್ಲಿ ಕೂತಿದ್ದೂ ಮಗುವನ್ನು ಒಂಟಿಯಾಗಿ ಬಿಡಬಹುದು. ಹೇಗೆ ಎಂಬುದಕ್ಕೆ ಒಬ್ಬ ಹುಡುಗನ ಕಥೆ ಸಾಕು. ಹೆಸರು, ಊರು ಬೇಡ. ವಯಸ್ಸು ಏಳು, ಕಾಯಿಲೆ ಥಲಸ್ಸೇಮಿಯಾ ಮೇಜರ್. ಆರೋಗ್ಯವಂತರ ಕೆಂಪು ರಕ್ತಕಣ ಸುಮಾರು 120 ದಿನ ಬಾಳುತ್ತದೆ. ಈ ಮಕ್ಕಳಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದೆ ಕಣಗಳು ಬೇಗ ಒಡೆದುಹೋಗುತ್ತವೆ. ಹಾಗಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಕೊಟ್ಟ ರಕ್ತದಿಂದ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುವುದರಿಂದ ಅದನ್ನು ಹೊರಹಾಕುವ ಔಷಧಿ ಬೇರೆ. ಹಿಂದೆ ಅದನ್ನು ರಾತ್ರಿಯಿಡೀ ಚರ್ಮದಡಿ ಸೂಜಿಯ ಮೂಲಕ ಕೊಡಬೇಕಿತ್ತು. ಈಗ ಬಾಯಲ್ಲಿ ನುಂಗುವಂಥದ್ದೂ ಇದೆ. ಭಾರತದಲ್ಲಿ ವರ್ಷಕ್ಕೆ ಸುಮಾರು 10 ಸಾವಿರ ಮಕ್ಕಳು ಈ ಕಾಯಿಲೆಯೊಂದಿಗೆ ಹುಟ್ಟುತ್ತಾರೆಂಬ ಅಂದಾಜಿದೆ.

ಹುಡುಗನ ತಂದೆ ಅಡಿಕೆ ಮಂಡಿಯಲ್ಲಿ ಗುಮಾಸ್ತ. ಮೂರು ವಾರಕ್ಕೊಮ್ಮೆ ಬೆಳಗಿನ ಆರರ ಬಸ್ಸಿಗೆ ಅಪ್ಪ, ಅಮ್ಮ, ಮಗ ಜಿಲ್ಲಾ ಕೇಂದ್ರಕ್ಕೆ ಹೊರಡುತ್ತಿದ್ದರು. 'ಇವತ್ತು ಬರೀ ತೋರಿಸಿಕೊಂಡು ಬರೋದು ಕಣೋ ಪುಟ್ಟ, ಸೂಜಿ ಗೀಜಿ ಏನಿಲ್ಲ' ಎಂದು ತಾಯಿ ಹೇಳುತ್ತಿದ್ದಳು. ಪ್ರತಿ ಸಲ ಅದೇ ಮಾತು, ಪ್ರತಿ ಸಲ ಸೂಜಿ. ನಾಲ್ಕು ವರ್ಷದವನಿದ್ದಾಗ ಅವನನ್ನು ಹಿಡಿಯಲು ಮೂರು ಜನ ಬೇಕಾಗುತ್ತಿತ್ತು. ಐದು ದಾಟಿದ ಮೇಲೆ ತಾನಾಗಿಯೇ ಕೈ ಚಾಚಿ ಗೋಡೆ ಕಡೆ ಮುಖ ಮಾಡಿ ಮಲಗತೊಡಗಿದ. 'ನಮ್ಮ ಹುಡುಗ ಅಳೋದೇ ಇಲ್ಲ ಸಾರ್' ಎಂದು ತಂದೆ ಮಂಡಿಯಲ್ಲಿ ಹೇಳಿಕೊಳ್ಳುತ್ತಿದ್ದರು.

ಮನೆಯ ಕಥೆ ಬೇರೆಯಿತ್ತು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿತ್ತು. ತಂಗಿಯ ಬೊಂಬೆಯ ಕೈಯಲ್ಲಿ ಪಿನ್ನು ಚುಚ್ಚಿದ ತೂತುಗಳು. ಇನ್ನೊಂದು ವಿಚಿತ್ರವೆಂದರೆ ಚಿತ್ರಾನ್ನ ಕಂಡರೆ ಅವನು ವಾಂತಿ ಮಾಡುತ್ತಿದ್ದ. ಇದು ಏಕೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ತಾಯಿಗೇ ಹೊಳೆಯಿತು: ಬಸ್ಸಿಗೆ ಕಟ್ಟಿಕೊಳ್ಳಲು ಸುಲಭವೆಂದು ಅವಳು ಬೆಳಗಿನ ನಾಲ್ಕೂವರೆಗೆ ಎದ್ದು ಚಿತ್ರಾನ್ನ ಮಾಡುತ್ತಿದ್ದುದು ಆಸ್ಪತ್ರೆಯ ದಿನಗಳಲ್ಲಿ ಮಾತ್ರ. ಒಗ್ಗರಣೆಯ ವಾಸನೆ ಬಂದರೆ ಹುಡುಗನಿಗೆ ಗೊತ್ತಾಗಿಬಿಡುತ್ತಿತ್ತು. ಪಾವ್ಲೋವನ ನಾಯಿಯ ಪಾಠ ಪುಸ್ತಕದಲ್ಲಿ ಇರುವುದು ಜೊಲ್ಲಿನ ಬಗ್ಗೆ. ಅಡುಗೆಮನೆಯ ಸಾಸಿವೆಯೂ ಗಂಟೆ ಬಾರಿಸಬಲ್ಲದು. ಅಮ್ಮನ ಬಾಯಿ ಸುಳ್ಳು ಹೇಳುತ್ತದೆ, ಅಮ್ಮನ ಬಾಣಲೆ ನಿಜ ಹೇಳುತ್ತದೆ ಎಂದು ಅವನು ಕಂಡುಕೊಂಡಿದ್ದ. ಸುಳ್ಳು ಹೇಳುವವರ ಮುಂದೆ ಅತ್ತು ಏನು ಪ್ರಯೋಜನ?

ಬದಲಾವಣೆ ಬಂದದ್ದು ವಾರ್ಡಿಗೆ ಹೊಸದಾಗಿ ವರ್ಗವಾಗಿ ಬಂದ ವಯಸ್ಸಾದ ಸಿಸ್ಟರ್ ಒಬ್ಬರಿಂದ. 'ಸುಳ್ಳು ಹೇಳಬೇಡಿ ಅಮ್ಮ. ಚುಚ್ಚುತ್ತಾರೆ, ಒಂದು ನಿಮಿಷ ನೋಯುತ್ತೆ, ನಾನು ಕೈ ಹಿಡಿದುಕೊಂಡೇ ಇರ್ತೀನಿ ಅಂತ ಹೇಳಿ. ಯಾವ ಕೈಗೆ ಅಂತ ಅವನೇ ಹೇಳಲಿ' ಎಂದರು. ಹುಡುಗ ಬಹಳ ಹೊತ್ತು ಯೋಚಿಸಿ ಎಡಗೈ ಎಂದ. ಆಮೇಲೆ, ಎರಡು ವರ್ಷದಲ್ಲಿ ಮೊದಲ ಸಲ, ವಾರ್ಡೆಲ್ಲ ಕೇಳುವಂತೆ ಅತ್ತ. ತಂದೆಗೆ ನಾಚಿಕೆಯಾಯಿತು. 'ಅಳಲಿ ಬಿಡಿ ಯಜಮಾನ್ರೇ, ಕೈ ಅಲ್ಲಾಡಿಸದಿದ್ದರೆ ನನಗೆ ಸಾಕು' ಎಂದು ಸಿಸ್ಟರ್ ಕ್ಯಾನುಲಾಗೆ ಪ್ಲಾಸ್ಟರ್ ಅಂಟಿಸಿದರು.

ರಕ್ತದ ಚೀಲ ಅರ್ಧ ಇಳಿದಾಗ ಹುಡುಗ ಅವರನ್ನು ಕೇಳಿದ. 'ಸಿಸ್ಟರ್, ನನ್ನ ರಕ್ತ ಎಲ್ಲಿಗೆ ಹೋಗುತ್ತೆ?' ಆಮೇಲೆ ಇನ್ನೂ ಮೆಲ್ಲಗೆ, 'ಅಜ್ಜಿ ಮಾತು ಕೇಳದೇ ಇದ್ದಿದ್ದಕ್ಕಾ?' ಅವರ ಬೀದಿಯಾಚೆ ಇಟ್ಟಿಗೆ ಗೂಡುಗಳಿದ್ದವು. ಸಿಸ್ಟರ್ ಅದನ್ನೇ ಹಿಡಿದರು. 'ನಿನ್ನ ಮೂಳೆಯೊಳಗೆ ರಕ್ತದ ಇಟ್ಟಿಗೆ ಮಾಡೋ ಗೂಡಿದೆ. ಹುಟ್ಟುವಾಗಲೇ ಅದರ ಅಚ್ಚು ಸರಿ ಇರಲಿಲ್ಲ. ಇಟ್ಟಿಗೆ ಬೇಗ ಒಡೆದುಹೋಗುತ್ತೆ. ಅದಕ್ಕೇ ಬೇರೆಯವರ ಗೂಡಿನ ಗಟ್ಟಿ ಇಟ್ಟಿಗೆ ತಂದು ಹಾಕ್ತೀವಿ. ನೀನು ಏನೋ ಮಾಡಿದ್ದಕ್ಕೆ ಆಗಿದ್ದಲ್ಲಪ್ಪ. ಅಜ್ಜಿಗೂ ನಾನೇ ಹೇಳ್ತೀನಿ.' ಅಜ್ಜಿ 'ಮಾತು ಕೇಳದಿದ್ದರೆ ಡಾಕ್ಟರ ಹತ್ತಿರ ಕಳಿಸಿ ಸೂಜಿ ಹಾಕಿಸ್ತೀನಿ' ಎಂದು ಎಲ್ಲ ಅಜ್ಜಿಯರಂತೆ ಹೇಳಿದ್ದರು. ಆರೋಗ್ಯವಂತ ಮಗುವಿಗೆ ಇದು ಒಂದು ಗಳಿಗೆಯ ಬೆದರಿಕೆ. ಮೂರು ವಾರಕ್ಕೊಮ್ಮೆ ನಿಜವಾಗಿಯೂ ಸೂಜಿ ಹಾಕಿಸಿಕೊಳ್ಳುವ ಮಗುವಿಗೆ ಅದು ತೀರ್ಪು. ನಾಲ್ಕರಿಂದ ಏಳೆಂಟು ವರ್ಷದ ಮಕ್ಕಳು ಕಾಯಿಲೆಯನ್ನು ತಪ್ಪಿಗೆ ಸಿಕ್ಕ ಶಿಕ್ಷೆ ಎಂದು ಭಾವಿಸುವುದು ಸಾಮಾನ್ಯ. ಜೀನ್ ಪಿಯಾಜೆ ಮಕ್ಕಳ ಆಲೋಚನೆಯಲ್ಲಿ ಗುರುತಿಸಿದ 'ತಪ್ಪು ಮಾಡಿದರೆ ತಾನಾಗಿಯೇ ಕೆಡುಕಾಗುತ್ತದೆ' ಎಂಬ ತರ್ಕವೇ ಇದು.

ಶಿಕ್ಷೆಯ ಲೆಕ್ಕ ಮಕ್ಕಳದು ಮಾತ್ರವಲ್ಲ ಎಂಬುದನ್ನೂ ಹೇಳಿಬಿಡಬೇಕು. ಥಲಸ್ಸೇಮಿಯಾ ಮಗು ಹುಟ್ಟಬೇಕಾದರೆ ತಂದೆ, ತಾಯಿ ಇಬ್ಬರೂ ಆ ಜೀನಿನ ವಾಹಕರಾಗಿರಬೇಕು. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಂಭವ. ಹತ್ತನೆಯ ತರಗತಿಯಲ್ಲಿ ಮೆಂಡಲನ ಬಟಾಣಿ ಓದಿದ ಯಾರಿಗಾದರೂ ಅರ್ಥವಾಗುವ ಲೆಕ್ಕ. ಮನೆಗಳಲ್ಲಿ ಮಾತ್ರ 'ನಿನ್ನ ತವರಿನ ಕಡೆಯಿಂದ ಬಂದದ್ದು' ಎಂದು ಹೆಂಡತಿಯ ತಲೆಗೆ ಕಟ್ಟುತ್ತಾರೆ. ಮದುವೆಗೆ ಮುಂಚೆ ಜಾತಕದ ಜೊತೆ ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿದರೆ ತಿಳಿಯುವ ವಿಷಯ ಇದು.

ಇನ್ನು ಹೇಳಲು ಕಷ್ಟವಾದ ಭಾಗ. ಗುಣವಾಗದ ಮಕ್ಕಳಿಗೆ ಏನು ಗೊತ್ತಿರುತ್ತದೆ? 1970ರ ದಶಕದ ಆರಂಭದಲ್ಲಿ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಯುವ ಮಾನವಶಾಸ್ತ್ರಜ್ಞೆ ಅಮೆರಿಕದ ಆಸ್ಪತ್ರೆಯೊಂದರಲ್ಲಿ ರಕ್ತದ ಕ್ಯಾನ್ಸರಿನ ಮಕ್ಕಳ ಜೊತೆ ತಿಂಗಳುಗಟ್ಟಲೆ ಕಳೆದರು. ಮಕ್ಕಳ ವಯಸ್ಸು 3ರಿಂದ 9. ಆ ದಿನಗಳಲ್ಲಿ ಇವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. ಯಾರೂ ಮಕ್ಕಳಿಗೆ ಏನೂ ಹೇಳಿರಲಿಲ್ಲ. ಆದರೂ ಮಕ್ಕಳಿಗೆ ಎಲ್ಲ ತಿಳಿದಿತ್ತು. ಮೊದಲು ಇದು ದೊಡ್ಡ ಕಾಯಿಲೆ ಎಂದು, ಆಮೇಲೆ ಔಷಧಿಗಳ ಹೆಸರು, ಅವು ಯಾತಕ್ಕೆಂದು, ಕಾಯಿಲೆ ಹೋಗಿ ಮರಳಿ ಬರುತ್ತದೆಂದು, ಕೊನೆಗೆ ಅದು ಎಲ್ಲಿ ಮುಗಿಯುತ್ತದೆಂದು. ಪಕ್ಕದ ಮಂಚದ ಗೆಳೆಯ ಒಂದು ದಿನ ಇಲ್ಲವಾದಾಗ ಲೆಕ್ಕ ಪೂರ್ತಿಯಾಗುತ್ತಿತ್ತು. ಆದರೆ ತಮಗೆ ತಿಳಿದಿದೆಯೆಂದು ಅಪ್ಪ ಅಮ್ಮನಿಗೆ ತೋರಿಸಿಕೊಳ್ಳುತ್ತಿರಲಿಲ್ಲ. ಆ ಮಾತೆತ್ತಿದರೆ ದೊಡ್ಡವರು ಕೋಣೆಯಿಂದ ಹೊರಗೆ ಹೋಗುತ್ತಾರೆ, ಅಮ್ಮ ಅಳುತ್ತಾಳೆ ಎಂದು ಅವರು ನೋಡಿದ್ದರು. ಅಂದರೆ ದೊಡ್ಡವರು ಮಕ್ಕಳನ್ನು ಕಾಪಾಡುತ್ತಿದ್ದೇವೆಂದುಕೊಂಡಿದ್ದಾಗ ಐದಾರು ವರ್ಷದ ಮಕ್ಕಳು ದೊಡ್ಡವರನ್ನು ಕಾಪಾಡುತ್ತಿದ್ದರು. 1978ರಲ್ಲಿ ಅವರ ಪುಸ್ತಕ ಬಂತು. ಅದೃಷ್ಟವಶಾತ್ ಆ ಕಾಯಿಲೆಯ ಕಥೆ ಈಗ ಬದಲಾಗಿದೆ. ಚಿಕಿತ್ಸೆಯ ಸೌಲಭ್ಯ ಚೆನ್ನಾಗಿರುವ ದೇಶಗಳಲ್ಲಿ ಮಕ್ಕಳ ಸಾಮಾನ್ಯ ರಕ್ತಕ್ಯಾನ್ಸರಿನಿಂದ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಆದರೆ ಎರಡು ಎರಡೂವರೆ ವರ್ಷ ಚಿಕಿತ್ಸೆ ತಪ್ಪಿದ್ದಲ್ಲ. ರಾಯಚೂರು, ಬೀದರಿನಿಂದ ಬೆಂಗಳೂರಿನ ಕಿದ್ವಾಯಿಗೆ ಬಂದು ಊರು, ಭಾಷೆಯ ಲಯ, ಜೋಳದ ರೊಟ್ಟಿ ಎಲ್ಲವನ್ನೂ ಬಿಟ್ಟಿರುವ ಮಗುವಿಗೆ ಅದು ಅರ್ಧ ಬಾಲ್ಯ.

ಹಾಗಾದರೆ ಏನು ಮಾಡಬೇಕು? ಮೊದಲು, ಕೇಳಿದಷ್ಟಕ್ಕೆ ನಿಜ ಹೇಳುವುದು. ಮೂರು ವರ್ಷದ ಮಗುವಿಗೆ ಜೀನು, ಹಿಮೋಗ್ಲೋಬಿನ್ ಬೇಡ. 'ನೋಯುತ್ತೆ, ನಾನು ಇಲ್ಲೇ ಇರ್ತೀನಿ' ಸಾಕು. ಹೊರಗೆ ಹೋಗುವಾಗ ಕದ್ದು ಹೋಗಬಾರದು. ಅತ್ತರೂ ಚಿಂತೆಯಿಲ್ಲ, 'ಕಾಫಿ ಕುಡಿದು ಬರ್ತೀನಿ' ಎಂದು ಹೇಳಿಯೇ ಹೋಗಿ, ಹೇಳಿದಂತೆ ಬರಬೇಕು. ಮಗು ಮಲಗಿದಾಗ ಮಾಯವಾದರೆ ಮುಂದೆ ಅದು ಮಲಗಲು ಹೆದರುತ್ತದೆ.

ಎರಡನೆಯದು ಆಟ. ವಿಯೆನ್ನಾದಲ್ಲಿ ಮಾಂಟೆಸ್ಸೋರಿ ಶಿಕ್ಷಕಿಯಾಗಿದ್ದ ಎಮ್ಮಾ ಪ್ಲಾಂಕ್ 1955ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯಲ್ಲಿ ಇದನ್ನು ಒಂದು ವ್ಯವಸ್ಥೆಯಾಗಿ ಆರಂಭಿಸಿದರು. ಈಗ ಅಲ್ಲಿ ಅದೇ ಒಂದು ವೃತ್ತಿ. ಸೂಜಿಯಿಲ್ಲದ ಸಿರಿಂಜು, ಹತ್ತಿ, ಬ್ಯಾಂಡೇಜು ಕೊಟ್ಟರೆ ಮಗು ಬೊಂಬೆಗೆ ಚಿಕಿತ್ಸೆ ಮಾಡುತ್ತದೆ. ಮೇಲೆ ಹೇಳಿದ ಹುಡುಗ ಪಿನ್ನು ಚುಚ್ಚುತ್ತಿದ್ದುದು ದುಷ್ಟತನದಿಂದಲ್ಲ. ಜಗತ್ತಿನಲ್ಲಿ ಒಂದು ಕಡೆಯಾದರೂ ಸೂಜಿ ತನ್ನ ಕೈಯಲ್ಲಿರಲಿ ಎಂದು. ಚುಚ್ಚುವ ಗಳಿಗೆಯಲ್ಲಿ ಸೋಪುನೀರಿನ ಗುಳ್ಳೆ ಊದಿಸುವುದು ಇನ್ನೊಂದು ಉಪಾಯ. ಗುಳ್ಳೆ ಒಡೆಯದಂತೆ ಊದಲು ಉಸಿರನ್ನು ನಿಧಾನವಾಗಿ, ಉದ್ದವಾಗಿ ಬಿಡಬೇಕು. ಉಸಿರು ಬಿಡುವಾಗ ಎದೆಬಡಿತ ಇಳಿಯುತ್ತದೆ, ಮೈ ಸಡಿಲವಾಗುತ್ತದೆ, ಗಮನವೂ ಗುಳ್ಳೆಯ ಮೇಲಿರುತ್ತದೆ. ಒಂದು ಚಮಚ ಸೋಪಿನಪುಡಿ, ಒಂದು ಪಪ್ಪಾಯಿ ಎಲೆಯ ದಂಟು ಇದ್ದರೆ ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದಾದ ಪ್ರಯೋಗ.

ಶಾಲೆಯ ವಿಷಯ ಬಂದರೆ ನಮ್ಮವರು 'ಮೊದಲು ವಾಸಿಯಾಗಲಿ, ಓದು ಎಲ್ಲಿ ಓಡಿಹೋಗುತ್ತದೆ' ಎನ್ನುತ್ತಾರೆ. ಕಾಯಿಲೆಯ ಮಗುವಿಗೆ ಓದು ಓಡಿಹೋಗುವುದೇ ಭಯ. ಮಿಕ್ಕವರು ಕಳೆಯುವ ಲೆಕ್ಕ ಮುಗಿಸಿ ಗುಣಾಕಾರಕ್ಕೆ ಹೋಗಿರುತ್ತಾರೆ, ಬೆಂಚಿನಲ್ಲಿ ತನ್ನ ಜಾಗದಲ್ಲಿ ಬೇರೆಯವರು ಕೂತಿರುತ್ತಾರೆ. ಆಸ್ಪತ್ರೆಯ ಮಂಚದ ಮೇಲೆ ಅರ್ಧ ಗಂಟೆ ಕಾಪಿ ಬರೆಯುವ ಮಗುವಿಗೆ ತಾನು ಇನ್ನೂ ಮೂರನೇ ಕ್ಲಾಸಿನವನೆಂಬ ಗುರುತು ಉಳಿಯುತ್ತದೆ. ಇಲ್ಲದಿದ್ದರೆ ಅವನು ಏಳನೇ ನಂಬರಿನ ಬೆಡ್ಡು ಮಾತ್ರ. ಕ್ಲಾಸಿನ ಮಕ್ಕಳಿಗೆ ಇದು ಅಂಟುವ ಕಾಯಿಲೆಯಲ್ಲ ಎಂದು ಮೇಷ್ಟರು ಒಂದು ಸಲ ಬಿಡಿಸಿ ಹೇಳಿದರೆ ಅರ್ಧ ಕಷ್ಟ ಕಳೆಯುತ್ತದೆ.

ಮತ್ತೆ, ಮನೆಯಲ್ಲಿ ಉಳಿದ ಆ ತಂಗಿ. ಅಮ್ಮ ಅಪ್ಪ ಅಣ್ಣನ ಜೊತೆ ಬಸ್ಸು ಹತ್ತಿದ ದಿನಗಳಲ್ಲಿ ಅವಳು ಪಕ್ಕದ ಮನೆಯ ಜಗಲಿಯಲ್ಲಿ ಕೂತಿರುತ್ತಾಳೆ. ಅವಳೂ ಅಳುವುದಿಲ್ಲ. 'ಚಿಕ್ಕವಳು, ಅವಳಿಗೇನು ತಿಳಿಯುತ್ತೆ' ಎಂದು ಎಲ್ಲರೂ ಹೇಳುತ್ತಾರೆ. ಬೊಂಬೆಯ ಕೈಯಲ್ಲಿದ್ದ ತೂತುಗಳಿಗೆ ಪ್ಲಾಸ್ಟರ್ ಅಂಟಿಸಿದ್ದು ಅವಳೇ.